ಬೆಚ್ಚಗಿದ್ದ ಹಿಡಿ

ಮಾಂಸ ಕೊಚ್ಚುವ ಕೈಮಷಿನ್ ತಿರುಗಿಸಿ ತಿರುಗಿಸಿ ಅಮ್ಮನ ಭುಜ ಸೋತಾಗ, "ದೊಡ್ಡ ಮೋಟಾರಿನದು ತರ್ತೀನಮ್ಮ, ಇನ್ನು ಇದನ್ನ ನಿನ್ನ ಕೈಲಿ ತಿರುಗಿಸೋಕೆ ಬಿಡಲ್ಲ" ಎಂದು ಮಾತು ಕೊಟ್ಟಿದ್ದೆ. ತಂದದ್ದು ಅವಳು ತೀರಿಕೊಂಡ ಮೇಲೆ. ಅದೂ ಬದಲಾಯಿಸಿ ಬದಲಾಯಿಸಿ ಈಗ ಮೂರನೆಯದು. ಅಂಗಡಿಯಲ್ಲಿ ಮೂಳೆಯನ್ನೂ ಪುಡಿಮಾಡುವ ಮಷಿನ್ ನಮ್ಮನೆಯಲ್ಲಿ ಉಸಿರೇ ಎತ್ತುವುದಿಲ್ಲ. ಅದೇ ಪ್ಲಗ್ಗಿನಲ್ಲಿ ಮಿಕ್ಸಿ ಓಡುತ್ತದೆ.

"ಮಷಿನ್‌ಗೇನೂ ಆಗಿಲ್ಲ ಅಕ್ಕ, ನಿಮ್ಮ ಅಡುಗೆಮನೆಗೇ ಏನೋ ಆಗಿದೆ," ಎಂದ ಅಂಗಡಿಯವನು ಫೋನಿನಲ್ಲಿ.

"ಹಾಗಾದ್ರೆ ಅಡುಗೆಮನೇನೇ ವಾಪಸ್ ತಗೋತೀಯೇನಪ್ಪ?"

ಫ್ರಿಜ್ಜಿನಿಂದ ತೆಗೆದ ಮಾಂಸವನ್ನು ಹಾಗೇ ಬಿಟ್ಟು, ಬೀಗ ಹಾಕಿ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದೆ. ಬೀಗ ತೆಗೆದು ನೋಡಿದರೆ ಅಟ್ಟದ ಮೇಲಿದ್ದ ಕೈಮಷಿನ್ ಮೇಜಿನ ಅಂಚಿಗೆ ಬಿಗಿದಿತ್ತು. ಬಟ್ಟಲ ತುಂಬ ಕೊಚ್ಚಿದ ಮಾಂಸ. ಮಾಂಸ ಇನ್ನೂ ತಣ್ಣಗಿತ್ತು. ಮರದ ಹಿಡಿ ಮಾತ್ರ ಬೆಚ್ಚಗಿತ್ತು.

ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ.