ಊಟಕ್ಕ ಬರ್ರಿ

೨೦೨೪ರ ನವೆಂಬರ್ ೧೪, ಸಂಜೆ ಐದೂ ನಲವತ್ತು. ನಿಪ್ಪಾಣಿ ಬಳಿಯ ಗುಡ್ಡದ ಯಾತ್ರಾಸ್ಥಳದಲ್ಲಿ, ಕೊಳಚೆ ನೀರು ಶುದ್ಧಮಾಡುವ ತೊಟ್ಟಿಯ ತಪಾಸಣೆಗೆ ಇಳಿಯಲು ಏಣಿಯ ಮೇಲೆ ಕಾಲಿಟ್ಟಿದ್ದೆ. ಸ್ವಲ್ಪ ಮುಂಚೆ ಇದ್ದ ದುರ್ವಾಸನೆ ಹೋಗಿತ್ತು, ಗಾಳಿ ತಿಳಿಯಾಯಿತೆಂದುಕೊಂಡೆ.

"ಹೊತ್ತ ಮುಳುಗತೈತಿ, ಊಟಕ್ಕ ಬರ್ರಿ." ಭೋಜನಶಾಲೆಯ ಕಡೆಯಿಂದ ಹೆಂಗಸಿನ ದನಿ. ಜೈನರಾದ ನಮಗೆ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಏಣಿ ಬಿಟ್ಟು ಹೋದೆ.

ಅಡುಗೆಯ ಕಾಶಿಬಾಯಿ ನಕ್ಕಳು. "ಇವತ್ತ ಚತುರ್ದಶಿ ಉಪಾಸ, ಒಲೀನ ಹಚ್ಚಿಲ್ರಿ. ನಿಮ್ಮ ಹೊಟ್ಟೀನ ಕರದಿರಬೇಕು, ಸಾಹೇಬ್ರ."

ಆದರೆ ನಾನು ದಿನವೂ ಕೂರುವ ಜಾಗದಲ್ಲಿ ಖಾಲಿ ತಾಟೊಂದಿತ್ತು. ಮುಟ್ಟಿದರೆ ಬಿಸಿ.

ಮರಳಿ ಬಂದು, ಗಾಳಿ ಅಳೆಯುವ ಮೀಟರನ್ನು ಹಗ್ಗದಲ್ಲಿ ತೊಟ್ಟಿಗೆ ಇಳಿಬಿಟ್ಟೆ. ಅಲ್ಲಿನ ವಿಷಗಾಳಿ ನೂರು ಪಿಪಿಎಂ ದಾಟಿದರೆ ಮೂಗಿಗೆ ವಾಸನೆ ತಿಳಿಯದು. ಐನೂರು ದಾಟಿದರೆ ಉಸಿರೇ ನಿಲ್ಲುತ್ತದೆ. ಯಾರೆಂದು ತಿಳಿಯದಿದ್ದರೂ, ಕರೆದ ಆ ತಾಯಿಗೆ ಇಂದಿಗೂ ಕೈಮುಗಿಯುತ್ತೇನೆ. ಮೀಟರು ತೋರಿಸಿದ್ದು ಆರುನೂರ ಹನ್ನೆರಡು.