ಮಾವನ ಮನೆಗೆ ಹೋಗದ ಪೆನ್ನು

ಮಲಗುವ ಗೂಡಿನ ಪರದೆ ಸರಿಸಿದ ಡಾಕ್ಟರಮ್ಮ ಬೆಚ್ಚಿಬಿದ್ದರು. ನಿದ್ದೆಚೀಲದೊಳಗೆ ಮಲಗಿದ್ದ ಮೆಕ್ಯಾನಿಕ್ ಹುಡುಗಿಯ ತುಟಿ ನೀಲಿಗಟ್ಟಿತ್ತು. ಏದುಸಿರು ಬಿಡುತ್ತಿದ್ದಳು—ಕಣ್ಣು ತೆರೆಯುತ್ತಿರಲಿಲ್ಲ.

ಗೂಡಿನ ಫ್ಯಾನ್ ನಿಂತಿತ್ತು!

ನೆಲದ ಮೇಲಾದರೆ ಫ್ಯಾನ್ ನಿಂತರೆ ಬೆವರು ಬರುತ್ತದೆ, ಅಷ್ಟೆ. ಭೂಮಿಯನ್ನು ಸುತ್ತುವ ಈ ನಿಲ್ದಾಣದಲ್ಲಿ ಯಾವುದಕ್ಕೂ ತೂಕವಿಲ್ಲ. ಬಿಟ್ಟ ಉಸಿರು ಎಲ್ಲಿಗೂ ಹೋಗದೆ ಮುಖದ ಮುಂದೆಯೇ ನಿಲ್ಲುತ್ತದೆ. ಮಲಗಿದವರು ಅದನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತಾರೆ.

ಫ್ಯಾನ್ ಹಾಕಿ ಆಮ್ಲಜನಕ ಕೊಟ್ಟ ಮೇಲೆ ಹುಡುಗಿಗೆ ಎಚ್ಚರವಾಯಿತು.

"ಸ್ವಿಚ್ ಮುಟ್ಟಿದ್ಯೇನಮ್ಮ?"

"ಇಲ್ಲ ಡಾಕ್ಟ್ರೇ. ಅದರ ಗೊರಗೊರ ಕೇಳ್ತಾನೇ ನಿದ್ದೆ ಹೋದೆ."

"ಸುಳ್ಳು!" ಹಿಂದಿನಿಂದ ಕ್ಯಾಪ್ಟನ್ ದನಿ. "ಸದ್ದು ಸದ್ದು ಅಂತ ದಿನಾ ಪ್ರಾಣ ತಿಂತಿದ್ಲು. ಅವಳೇ ಆರಿಸಿದ್ದಾಳೆ. ಬೇಜವಾಬ್ದಾರಿ ಅಂತ ಕೆಳಗೆ ತಿಳಿಸ್ತೀನಿ. ಮುಂದಿನ ನೌಕೇಲಿ ಇಳೀಲಿ!"

ಹುಡುಗಿ ಮುಖ ಮುಚ್ಚಿಕೊಂಡಳು. ಹಾಗೆ ಇಳಿದವರನ್ನು ಮತ್ತೆ ಯಾರೂ ಮೇಲೆ ಕಳಿಸುವುದಿಲ್ಲ.

ಡಾಕ್ಟರಮ್ಮನಿಗೆ ಮೈ ಉರಿಯಿತು. ಆದರೂ ಅಳುಕು—ಹುಡುಗಿಯನ್ನು ನಂಬುವುದರಲ್ಲಿ ತಾನು ಅವಸರ ಪಡುತ್ತಿಲ್ಲ ತಾನೆ? ನಿಲ್ದಾಣದಲ್ಲಿ ಇರುವುದೇ ನಾಲ್ಕು ಜನ. ಮೊದಲು ವಿಜ್ಞಾನಿಯನ್ನು ಹಿಡಿದರು.

"ನಿಮಗೂ ಆ ಫ್ಯಾನ್ ಕಂಡ್ರೆ ಆಗಲ್ವಲ್ಲ ಸಾರ್?"

"ಆಗಲ್ಲ. ಅದಕ್ಕೇ ಕಿವಿಗೆ ಹತ್ತಿ ತುರುಕ್ಕೋತೀನಿ. ಹಾಗಂತ ಆ ಮಗೂ ಉಸಿರು ನಿಲ್ಲಿಸ್ತೀನಾ? ಏನ್ ಮಾತು ಅಂತ ಆಡ್ತೀರಿ!" ಕೋಪದಲ್ಲಿ ಅವರ ಕೈಯಿಂದ ಚಮಚ ಜಾರಿತು. ಮೆಲ್ಲಗೆ ತೇಲುತ್ತಾ ಮೂಲೆಯ ಕಡೆ ಹೊರಟಿತು. "ನೋಡಿ, ಇದೂ ಮಾವನ ಮನೆಗೆ ಹೋಯ್ತು!"

ಗೂಡಿನ ಆ ಫ್ಯಾನ್ ನಿಲ್ದಾಣದ ಗಾಳಿ ಎಳೆದುಕೊಳ್ಳುವ ಸರಳುಗಳ ಕಿಂಡಿಗೆ ಅವರೆಲ್ಲ ಇಟ್ಟ ಹೆಸರು ಅದು. ಜೈಲಿನ ಹಾಗೆ ಕಂಬಿಗಳಿದ್ದವಲ್ಲ, ಅದಕ್ಕೆ. ಕೈಬಿಟ್ಟದ್ದೆಲ್ಲ ಕೊನೆಗೆ ಅಲ್ಲೇ ಹೋಗಿ ಅಂಟಿಕೊಳ್ಳುತ್ತಿತ್ತು.

ಡಾಕ್ಟರಮ್ಮ ಚಮಚವನ್ನೇ ನೋಡುತ್ತಾ ನಿಂತರು. ಆಮೇಲೆ ಎಲ್ಲರನ್ನೂ ಗೂಡಿನ ಬಳಿಗೆ ಕರೆದರು.

"ಕ್ಯಾಪ್ಟನ್, ಹುಡುಗಿ ಮಲಗಿದ ಮೇಲೆ ಶಾಲೆ ಮಕ್ಕಳಿಗೆ ಭಾಷಣ ಚಿತ್ರೀಕರಿಸಿದ್ರಲ್ಲ—ಎಲ್ಲಿ?"

"ಇಲ್ಲೇ, ಕಿಟಕಿ ಪಕ್ಕ. ಹಿಂದೆ ಭೂಮಿ ಕಾಣುತ್ತೆ."

"ಆಗ ಫ್ಯಾನ್ ಓಡ್ತಿತ್ತಾ?"

"ಓಡ್ತಿತ್ತು. ನಾನು ಹೋದ ಮೇಲೆ ಇವಳು ಎದ್ದು ಆರಿಸಿದ್ದಾಳೆ."

"ಭಾಷಣದಲ್ಲಿ ಫ್ಯಾನಿನ ಸದ್ದು ಒಂದಿಷ್ಟೂ ಇಲ್ಲವಲ್ಲ?"

ಕ್ಯಾಪ್ಟನ್ ನಕ್ಕರು. "ಸದ್ದು ತೆಗೆಯೋಕೆ ಯಂತ್ರ ಇದೆ ಡಾಕ್ಟ್ರೇ. ನಾನೇ ತೆಗೆದೆ."

"ಸರಿ. ಸದ್ದು ತೆಗೀಬಹುದು. ಇದು?"

ಕಂಪ್ಯೂಟರ್ ಪರದೆಯ ಮೇಲೆ ಭಾಷಣ ಮೂಡಿತು. ಕ್ಯಾಪ್ಟನ್ ಪೆನ್ನೊಂದನ್ನು ಗಾಳಿಯಲ್ಲಿ ಬಿಟ್ಟು, 'ಮಕ್ಕಳೇ, ಇಲ್ಲಿ ಯಾವುದೂ ಬೀಳುವುದಿಲ್ಲ!' ಎನ್ನುತ್ತಿದ್ದರು. ಭಾಷಣ ಮುಗಿಯುವವರೆಗೂ ಪೆನ್ನು ಅವರ ಕಿವಿಯ ಪಕ್ಕದಲ್ಲಿ ಬಿಟ್ಟಲ್ಲೇ ನಿಂತಿತ್ತು.

ಡಾಕ್ಟರಮ್ಮ ಅದೇ ಜಾಗದಲ್ಲಿ ತಮ್ಮ ಪೆನ್ನು ಬಿಟ್ಟರು. ಫ್ಯಾನ್ ಈಗ ಓಡುತ್ತಿತ್ತು. ಪೆನ್ನು ಹೊರಳಿತು, ಜಾರಿತು—ಟಕ್! ಸರಳಿಗೆ ಅಂಟಿತು.

"ನಿಮ್ಮ ಪೆನ್ನು ಯಾಕೆ ಮಾವನ ಮನೆಗೆ ಹೋಗಲಿಲ್ಲ ಕ್ಯಾಪ್ಟನ್?"

ಕ್ಯಾಪ್ಟನ್ ಕೈಚಾಚಿ ಭಾಷಣ ಆರಿಸಿದರು.

"ನಾನು ಹೇಳ್ಲಾ? ಭಾಷಣ ಚೆನ್ನಾಗಿ ಕೇಳಿಸ್ಲಿ ಅಂತ ಫ್ಯಾನ್ ಆರಿಸಿದ್ದು ನೀವು. ಪರದೆ ಹಿಂದೆ ಒಂದು ಜೀವ ಮಲಗಿದೆ ಅಂತ ಗೊತ್ತಿದ್ದೂ!"

"ಮತ್ತೆ ಹಾಕೋಣ ಅಂತಲೇ ಇದ್ದೆ..." ಕ್ಯಾಪ್ಟನ್ ಗೊಣಗಿದರು. "ಮರೆತೆ."

"ಮರೆವು ಅಂತ ಒಪ್ಪಿಕೊಂಡಿದ್ರೆ ನಾನೂ ನಿಮ್ಮ ಪರ ಒಂದು ಮಾತಾಡ್ತಿದ್ದೆ. ಸಾಯೋ ಹಾಗಾದವಳ ತಲೆಗೇ ಕಟ್ಟಿದ್ರಲ್ಲ! ನಾಚಿಕೆ ಆಗಲ್ವಾ ನಿಮಗೆ?" ಡಾಕ್ಟರಮ್ಮ ಭೂಮಿಗೆ ಮಾತಾಡುವ ಮೈಕ್ ಕೈಗೆತ್ತಿಕೊಂಡರು. "ಮುಂದಿನ ನೌಕೇಲಿ ಇಳಿಯೋರು ಯಾರು ಅಂತ ಈಗಲೇ ಕೆಳಗೆ ಹೇಳ್ತೀನಿ."

ಆಮ್ಲಜನಕದ ಮುಖವಾಡದ ಹಿಂದಿನಿಂದ ಹುಡುಗಿಯ ಸಣ್ಣ ದನಿ ಕೇಳಿಸಿತು:

"ಹೇಳಿ ಡಾಕ್ಟ್ರೇ. ಪೆನ್ನು ಹೋಗದಿದ್ರೇನಂತೆ—ಮಾವನ ಮನೆಗೆ ಅದರ ಒಡೆಯರೇ ಹೋಗ್ಲಿ."