ಗೋಡೆಯಲ್ಲಿ ಮಲಗಿದ ಕಂದ

ಜಯನಗರದ ನಮ್ಮ ಬೀದಿಯ ಪ್ಲೇ ಹೋಮ್‌ನಲ್ಲಿ ಯುಕೆಜಿ ಮಕ್ಕಳಿಗೆ ಕ್ರಿಸ್‌ಮಸ್ ಕ್ಯಾರಲ್ ಕಲಿಸಿದವನು ನಾನೇ. ಕ್ಯಾರಲ್ ಹಾಡಿಗೆ ಬೇಕಾದ್ದು ಕೊರಳು, ಅಷ್ಟೇ. ಅಲ್ಲಿನ ಪ್ರತಿ ಮಗುವಿನ ಕೊರಳನ್ನೂ ನಾನು ಮಿಮಿಕ್ರಿ ಮಾಡಬಲ್ಲೆ. ಕಣ್ಣು ಮುಚ್ಚಿ ಕೇಳಿದರೆ ಹೆತ್ತಮ್ಮಂದಿರೂ ಮೋಸಹೋಗುತ್ತಾರೆ.

ನಾನು ಬರೆದ ಹಾಡು ‘ಗೋದಲಿಯಲ್ಲಿ ಮಲಗಿದ ಕಂದ’ ಎಂದು ಶುರುವಾಗುತ್ತಿತ್ತು. ಹಸು ಮೇವು ತಿನ್ನುವ ತೊಟ್ಟಿಯೇ ಗೋದಲಿ ಎಂದು ಫ್ಲಾಟಿನ ಮಕ್ಕಳಿಗೇನು ಗೊತ್ತು? ‘ಗೋಡೆಯಲ್ಲಿ ಮಲಗಿದ ಕಂದ’ ಎಂದು ಹಾಡುತ್ತಿದ್ದರು, ಅದೂ ಹಿಂದಿನ ಗೋಡೆಯತ್ತ ತಿರುಗಿ.

“ಗೋಡೆ ಅಲ್ಲ ಕಣ್ರೋ, ಗೋದಲಿ!” ಎಂದೆ.

“ಗೋಡೇನೇ ಅಂಕಲ್. ಒಳಗಡೆ ಪಾಪು ಮಲ್ಗಿದೆ, ಮುಟ್ಟಿ ನೋಡಿ,” ಎಂದಳು ಪುಟ್ಟ ಇಂಚರಾ.

ಮುಟ್ಟಿದೆ. ಡಿಸೆಂಬರ್ ಚಳಿಯಲ್ಲೂ ಅಲ್ಲೊಂದು ಕಡೆ ಮಾತ್ರ, ಜ್ವರ ಬಂದ ಮಗುವಿನ ಹಣೆಯ ಹಾಗೆ ಬಿಸಿಯಾಗಿತ್ತು. ಬಿಸಿನೀರಿನ ಪೈಪ್ ಇರಬೇಕು ಎಂದುಕೊಂಡೆ.

ಕಾರ್ಯಕ್ರಮದ ಸಂಜೆ ಮಕ್ಕಳನ್ನು ಅದೇ ಗೋಡೆಯ ಮುಂದೆ ಸಾಲಾಗಿ ನಿಲ್ಲಿಸಿದೆ. ಅಪ್ಪ ಅಮ್ಮಂದಿರ ಮುಂದೆ ಮಕ್ಕಳು ‘ಗೋಡೆ’ ಎಂದುಬಿಟ್ಟರೆ ನನ್ನ ಮರ್ಯಾದೆ ಮಣ್ಣುಪಾಲು!

ಒಬ್ಬರೂ ತಪ್ಪಲಿಲ್ಲ. ‘ಗೋದಲಿ’ ಎಂದು ಎಲ್ಲ ಕೊರಳೂ ಗಂಟೆಯಂತೆ ಮೊಳಗಿದವು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

ಚಪ್ಪಾಳೆ ನಿಂತಿತು. ಮಕ್ಕಳೆಲ್ಲ ಸುಮ್ಮನೆ ನಿಂತಿದ್ದರು. ಆದರೂ ಅವರ ಹಿಂದಿನಿಂದ ಎಳೆಯ ಕೊರಳೊಂದು ಶುದ್ಧ ಶ್ರುತಿಯಲ್ಲಿ ಹಾಡಿತು: ‘ಗೋಡೆಯಲ್ಲಿ ಮಲಗಿದ ಕಂದ.’ ಆಮೇಲೆ ಅಲ್ಲಿಂದಲೇ, ನನ್ನದೇ ದನಿಯಲ್ಲಿ, ನನ್ನದೇ ಗತ್ತಿನಲ್ಲಿ ಕೇಳಿಸಿತು: “ಗೋದಲಿ ಅಲ್ಲ ಕಣ್ರೋ, ಗೋಡೆ!”

“ಸಖತ್ ಮಿಮಿಕ್ರಿ ಸಾರ್!” ಎಂದು ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ನಾನು ತಲೆಬಾಗಿ ಸ್ವೀಕರಿಸಿದೆ.

ನಾನು ಬಾಯಿ ತೆರೆದಿರಲೇ ಇಲ್ಲ.